ಮಣ್ಣಿಗಿಳಿಯದ ತಂತಿ

"ಮಣಿಗೆರೆ ಸಂಸ್ಥಾನದ ಪ್ರಜೆಗಳು ಕೇಳಿರಿ. ಹೊಸ ಅರಮನೆಯ ದೀಪ, ನೀರು, ಗಾಳಿಯ ಏರ್ಪಾಡುಗಳು ಕಟ್ಟಳೆಯಂತೆ ಇವೆಯೇ ಎಂದು ನೋಡಿಕೊಳ್ಳಲು ಅಧಿಕಾರಿಯೊಬ್ಬ ಬೇಕಾಗಿದ್ದಾನೆ. ರಾಜಕುಮಾರಿ ಗಿರಿಜಾಂಬೆಯವರು ಮೂರು ಒಗಟು ಕೇಳುವರು. ಬಿಡಿಸಿದವನಿಗೆ ಆ ಪದವಿ, ಜೊತೆಗೆ ಬೇಡಿದ್ದೊಂದು ವರ. ಒಂದು ತಪ್ಪಿದರೂ ತಲೆದಂಡ."

ಡಂಗುರದವನು ಹೀಗೆ ಸಾರುತ್ತ ಹೋದಾಗ ದ್ಯಾವಣ್ಣ ಅರಮನೆಯ ಹಿತ್ತಿಲಲ್ಲಿ ಅರ್ಥಿಂಗ್ ಗುಂಡಿಗಳಿಗೆ ನೀರು ಹೊಯ್ಯುತ್ತಿದ್ದ. ವಿದ್ಯುತ್ತು ದಾರಿ ತಪ್ಪಿದರೆ ಅದನ್ನು ನೆಲಕ್ಕೆ ಇಳಿಸಲೆಂದು ಪ್ರತಿ ಕಟ್ಟಡದಿಂದಲೂ ಒಂದು ತಂತಿ ಹೊರಬಂದು ಉಪ್ಪು, ಇದ್ದಿಲು ತುಂಬಿದ ಗುಂಡಿಯಲ್ಲಿ ಹೂತಿರಬೇಕು. ಬೇಸಿಗೆಯಲ್ಲಿ ಆ ಮಣ್ಣು ಒಣಗದಂತೆ ನೋಡಿಕೊಳ್ಳುವುದೇ ಅವನ ಕೆಲಸ.

ಆ ಕೆಲಸ ಕೊಟ್ಟವನು ಅರಮನೆ ಕಟ್ಟಿಸಿದ ಪ್ರಧಾನ ಶಿಲ್ಪಿ ಮಲ್ಲರಸ. ದ್ಯಾವಣ್ಣನ ಅಕ್ಕ ಚೌಡಕ್ಕ ರಾಜಕುಮಾರಿಯನ್ನು ಎತ್ತಿ ಆಡಿಸಿದ ದಾಸಿ. ಹೊಸ ಅರಮನೆಯ ಬಚ್ಚಲಮನೆಯಲ್ಲಿ ಸ್ನಾನಕ್ಕೆ ನೀರು ಹಿಡಿಯಲು ಹೋದವಳು ಅಲ್ಲೇ ಬಿದ್ದು ತೀರಿಕೊಂಡಿದ್ದಳು. ಎದೆ ನಿಂತಿತು ಎಂದರು ವೈದ್ಯರು. ಅವತ್ತು ಗುಡಿಸಲಿನವರೆಗೆ ನಡೆದು ಬಂದು, ದ್ಯಾವಣ್ಣನನ್ನು ತಬ್ಬಿಕೊಂಡು ಅತ್ತವನು ಮಲ್ಲರಸನೊಬ್ಬನೇ. ಆಮೇಲೆ ಅವನನ್ನು ತಮ್ಮನಂತೆ ಇಟ್ಟುಕೊಂಡ. ಪಕ್ಕದಲ್ಲಿ ಕೂರಿಸಿಕೊಂಡು ತಂತಿಗಳ ಗುಣ ಒಂದೊಂದಾಗಿ ಹೇಳಿಕೊಟ್ಟ. ಬಚ್ಚಲಮನೆಯ ಕಡೆ ಮಾತ್ರ ಹೋಗಬೇಡ, ಅಕ್ಕನ ನೆನಪಾಗಿ ಸಂಕಟವಾಗುತ್ತದೆ ಎಂದಿದ್ದ. ದ್ಯಾವಣ್ಣ ಹೋಗಿರಲಿಲ್ಲ.

ಒಗಟಿನ ದಿನ ಆಸ್ಥಾನ ಕಿಕ್ಕಿರಿದಿತ್ತು. ದೊರೆ ದೇವಪ್ಪ ನಾಯಕನ ಬಲಕ್ಕೆ ಮಲ್ಲರಸ, ಎಡಕ್ಕೆ ಗಿರಿಜಾಂಬೆ. ಮೊದಲು ಬಂದವನು ನೆರೆಯ ಸಂಸ್ಥಾನದ ದಳವಾಯಿಯ ಮಗ.

"ಮನೆಯಲ್ಲಿ ಎಲ್ಲರಿಗಿಂತ ತೆಳ್ಳಗಿರುವವನು," ಎಂದಳು ರಾಜಕುಮಾರಿ. "ಮನೆಗೆ ಕೇಡು ಬಂತೆಂದರೆ ಮೊದಲು ತಾನು ಸಾಯುತ್ತಾನೆ. ಅವನು ಸತ್ತರೆ ಮನೆ ಕತ್ತಲಾಗುತ್ತದೆ, ಆದರೆ ಉಳಿಯುತ್ತದೆ. ಯಾರವನು?"

ಬಾಗಿಲ ಕಾವಲಿನ ಭಟ ಎಂದ ಅವನು. ರಾಜಕುಮಾರಿ ಅಲ್ಲವೆಂದು ತಲೆಯಾಡಿಸಿದಳು. ಕಾವಲಿನವರು ಅವನ ತೋಳು ಹಿಡಿದರು. ಎರಡನೆಯವನು ಊರಿನ ಪಂಡಿತ. ಬಹಳ ಹೊತ್ತು ಕಣ್ಣು ಮುಚ್ಚಿ ನಿಂತು ದೀಪದ ಬತ್ತಿ ಎಂದ. ಅವನನ್ನೂ ಸೆರೆಗೆ ಒಯ್ದರು. ಅವನ ಹೆಂಡತಿ ಗುಂಪಿನಲ್ಲಿ ಕುಸಿದು ಕೂತಳು. ಮತ್ತೆ ಯಾರೂ ಮುಂದೆ ಬರಲಿಲ್ಲ.

ದ್ಯಾವಣ್ಣನಿಗೆ ಉತ್ತರ ಗೊತ್ತಿತ್ತು. ಮಲ್ಲರಸನೇ ಹೇಳಿಕೊಟ್ಟದ್ದು. ತಾನು ಗೆದ್ದರೆ ಅಣ್ಣನಂತಿರುವ ಅವನಿಗೆ ಹೆಮ್ಮೆಯಾದೀತು ಎಂದುಕೊಂಡೇ ಅವನು ಎದ್ದು ನಿಂತ. ಮಲ್ಲರಸ ಮೆಟ್ಟಿಲಿಳಿದು ಬಂದು, ಬೇಡ ತಮ್ಮಾ, ತಲೆ ಹೋಗುತ್ತದೆ ಎಂದು ಮೆಲ್ಲಗೆ ಹೇಳಿದ. ಅವನ ಕಣ್ಣು ಒದ್ದೆಯಾಗಿತ್ತು.

"ಫ್ಯೂಸ್ ತಂತಿ, ಅಮ್ಮಣ್ಣಿ," ಎಂದ ದ್ಯಾವಣ್ಣ. "ವಿದ್ಯುತ್ತು ಮಿತಿ ಮೀರಿದರೆ ಅದು ಕರಗಿ ಮನೆಯನ್ನು ಉಳಿಸುತ್ತದೆ."

ರಾಜಕುಮಾರಿ ಮುಂದಕ್ಕೆ ಬಾಗಿದಳು. "ಮನೆಯಲ್ಲಿ ಎಲ್ಲರೂ ದುಡಿಯುತ್ತಾರೆ. ಒಬ್ಬ ಮಾತ್ರ ಮಣ್ಣಿನಲ್ಲಿ ಕಾಲು ಹೂತು ಸುಮ್ಮನೆ ನಿಂತಿರುತ್ತಾನೆ. ದಂಡಕ್ಕಿದ್ದಾನೆಂದು ಅವನನ್ನು ಕಳಿಸಿಬಿಟ್ಟರೆ, ನೀರಿಗೆ ಕೈಯೊಡ್ಡಿದವರೂ ಸಾಯುತ್ತಾರೆ. ಯಾರವನು?"

ಇದು ಅವನ ದಿನನಿತ್ಯದ ಕೆಲಸ. ಹೇಳಹೊರಟವನನ್ನು ಒಗಟಿನ ಕೊನೆಯ ಮಾತು ತಡೆಯಿತು. ನೀರಿಗೆ ಕೈಯೊಡ್ಡಿದವರು. ತಾನು ನೀರು ಹೊಯ್ಯುವ ಗುಂಡಿಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಪಾಕಶಾಲೆಯದು, ಅಂತಃಪುರದ್ದು, ಲಾಯದ್ದು, ಪಂಪಿನ ಮನೆಯದು. ನೀರು ಕಾಯಿಸಲು ವಿದ್ಯುತ್ ಹಂಡೆ ಇದ್ದ ಬಚ್ಚಲಮನೆಗೆ ಗುಂಡಿಯೇ ಇರಲಿಲ್ಲ. ಅವನು ಮಲ್ಲರಸನತ್ತ ನೋಡಿದ. ಮಲ್ಲರಸ ನೆಲ ನೋಡುತ್ತಿದ್ದ.

ತನ್ನನ್ನು ತಬ್ಬಿಕೊಂಡ ಕೈಗಳು ಅವನವು. ಅನ್ನ ಹಾಕಿದ ಕೈಗಳು.

"ಅರ್ಥಿಂಗ್ ತಂತಿ," ಎಂದ. ದನಿ ತನ್ನದೇ ಎನಿಸಲಿಲ್ಲ.

"ಕೊನೆಯದು. ಸತ್ತವರು ಬದುಕಿರುವವರಿಗೆ ಹೇಳಿಹೋದ ಮಾತು. ಕಟ್ಟುವವನು ಅದನ್ನು ಕೇಳಬೇಕು, ಕೇಳದಿದ್ದರೂ ಗೋಡೆ ನಿಲ್ಲುತ್ತದೆ, ದೀಪ ಉರಿಯುತ್ತದೆ, ಯಾರಿಗೂ ತಿಳಿಯುವುದಿಲ್ಲ. ಏನದು?"

"ಕಟ್ಟಳೆ," ಎಂದ ದ್ಯಾವಣ್ಣ. "ಎಲ್ಲೋ ಒಬ್ಬರು ಸತ್ತ ಮೇಲೆ, ಇನ್ನೊಬ್ಬರು ಹಾಗೆ ಸಾಯಬಾರದೆಂದು ಬರೆದಿಟ್ಟದ್ದು. ನಮ್ಮಕ್ಕನಿಗಿಂತ ಮೊದಲೇ ಯಾರೋ ಸತ್ತಿದ್ದರು ಮಹಾಸ್ವಾಮಿ. ಅವರ ಮಾತನ್ನು ಇಲ್ಲಿ ಕೇಳಲಿಲ್ಲ. ಬಚ್ಚಲಮನೆಯ ತಂತಿ ಮಣ್ಣಿಗೆ ಇಳಿದೇ ಇಲ್ಲ."

ದೊರೆ ಆಳುಗಳನ್ನು ಕಳಿಸಿ ಗೋಡೆಯ ಬುಡ ಅಗೆಸಿದ. ಗುಂಡಿಯೂ ಇರಲಿಲ್ಲ, ತಂತಿಯೂ ಇರಲಿಲ್ಲ. ಆಗ ಮಲ್ಲರಸ ಒಪ್ಪಿಕೊಂಡ. ಗೃಹಪ್ರವೇಶದ ಮುಹೂರ್ತ ಹತ್ತಿರ ಬಂದಿತ್ತು, ದೊರೆಗೆ ಅವಸರವಿತ್ತು. ಆಮೇಲೆ ಹಾಕಿದರಾಯಿತೆಂದು ಬಿಟ್ಟಿದ್ದ. ಚೌಡಕ್ಕ ಸತ್ತ ಮೇಲೆ ಅಗೆಸಿದರೆ ಗುಟ್ಟು ಹೊರಬೀಳುತ್ತದೆಂದು ಹಂಡೆ ಆರಿಸಿ ಬೀಗ ಹಾಕಿದ. ಯಾರೂ ಉತ್ತರಕ್ಕೆ ಬರದಿರಲೆಂದು ಡಂಗುರಕ್ಕೆ ತಲೆದಂಡವನ್ನು ಸೇರಿಸಿದವನೂ ಅವನೇ. ರಾಜಕುಮಾರಿಗೆ ಮೊದಲಿನಿಂದಲೂ ಅನುಮಾನವಿತ್ತು, ಆದರೆ ತಂದೆ ತನ್ನ ಗೆಳೆಯನಾದ ಮಲ್ಲರಸನ ಮೇಲೆ ಒಂದು ಮಾತನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ. ಹಾಗೆಂದೇ ಒಗಟು ಕಟ್ಟಿದ್ದಳು.

ಮಲ್ಲರಸ ದ್ಯಾವಣ್ಣನ ಕಡೆ ತಿರುಗಿದ. "ನಿನ್ನನ್ನು ಮನಸಾರೆ ಸಾಕಿದೆ, ತಮ್ಮಾ."

"ಯಾಕೆ ಸಾಕಿದಿರಿ ಅಂತ ಇವತ್ತು ಗೊತ್ತಾಯಿತು," ಎಂದ ದ್ಯಾವಣ್ಣ.

ತಲೆದಂಡ ಬರೆಸಿದವನಿಗೆ ಅದೇ ಆಗಲಿ ಎಂದ ದೊರೆ. ದ್ಯಾವಣ್ಣ ತನ್ನ ವರ ಕೇಳಿದ. ಸೆರೆಯಲ್ಲಿದ್ದ ಇಬ್ಬರನ್ನೂ ಬಿಡಬೇಕು, ಈ ಒಗಟಿನ ಹೆಸರಲ್ಲಿ ಯಾರ ತಲೆಯೂ ಹೋಗಬಾರದು. ಹಾಗಾಗಿ ಮಲ್ಲರಸನೂ ಉಳಿದ, ಗಡೀಪಾರಾದ. ಗಡಿಯತ್ತ ಹೊರಟವನು ಹಿಂದಿರುಗಿ ನೋಡಿದನಂತೆ. ದ್ಯಾವಣ್ಣ ನೋಡಲು ಹೋಗಲಿಲ್ಲ. ಒಳಗೆ ಕೂತು ಅತ್ತ, ಅಕ್ಕನಿಗಾಗಿಯೋ ಅವನಿಗಾಗಿಯೋ ತಿಳಿಯಲಿಲ್ಲ.

ದ್ಯಾವಣ್ಣ ಕಟ್ಟಳೆಯ ಅಧಿಕಾರಿಯಾದ. ಬಚ್ಚಲಮನೆಯ ಪಕ್ಕದಲ್ಲಿ ತಾನೇ ಗುಂಡಿ ತೋಡಿ ತಂತಿ ಇಳಿಸಿದ. ಹಂಡೆ ಮತ್ತೆ ಕಾದ ದಿನ ದಾಸಿಯರೆಲ್ಲ ಬಾಗಿಲಲ್ಲೇ ನಿಂತರು. ಯಾರಿಗೂ ಹಂಡೆಯ ನಲ್ಲಿ ಮುಟ್ಟಲು ಧೈರ್ಯವಿರಲಿಲ್ಲ. ದ್ಯಾವಣ್ಣ ಕೈ ಚಾಚಿದ.

ಗಿರಿಜಾಂಬೆ ಅವನನ್ನು ತಡೆದಳು. "ನಿಮ್ಮ ಮನೆಯಿಂದ ಒಬ್ಬರು ಹೋದದ್ದು ಸಾಕು," ಎಂದು ತಾನೇ ನಲ್ಲಿ ತಿರುಗಿಸಿದಳು.