ಅರ್ಜೆಂಟ್ ಗಂಟು

೧೯೭೬ರ ಮೇ ೧೨ರ ನನ್ನ ಡೈರಿಯಲ್ಲಿ ಹೀಗಿದೆ: "ನಾಳೆ ವಸುಮತಿಯ ನಿಶ್ಚಿತಾರ್ಥ. ಹುಡುಗಿಯ ತಾಯಿಯಾದ ನನ್ನ ರವಿಕೆಯೇ ಇನ್ನೂ ಬಂದಿಲ್ಲ."

ಸಿಟ್ಟಿನಿಂದ ಪೇಟೆಬೀದಿಯ ಟೈಲರ್ ಅಂಗಡಿಗೆ ಹೋದೆ. ಬಾಗಿಲಲ್ಲಿ ಆಗಲೇ ನಾಲ್ವರು ಹೆಂಗಸರು ಕಾಯುತ್ತಾ ನಿಂತಿದ್ದರು.

"ಏನಪ್ಪಾ, ಬಟ್ಟೆ ಕೊಡುವಾಗಲೇ ಅರ್ಜೆಂಟ್ ಅಂದಿರಲಿಲ್ಲವೇ? ಹತ್ತು ದಿನವಾಯಿತು!"

"ಅಂದಿದ್ರಿ ಅಮ್ಮಾವ್ರೇ. ಅದಕ್ಕೇ ಅರ್ಜೆಂಟ್ ಗಂಟಿಗೆ ಹಾಕಿದೀನಿ."

ಆತ ಮೂಲೆ ತೋರಿಸಿದ. ಸೊಂಟದೆತ್ತರದ ಗಂಟು!

"ನಿಮಗಿಂತ ಮುಂದೆ ಇನ್ನೂ ಮೂವತ್ತೊಂದು ಅರ್ಜೆಂಟ್ ಇವೆ."

"ನನ್ನದು ತುಂಬಾ ಅರ್ಜೆಂಟಪ್ಪಾ!"

"ಎಲ್ಲರದ್ದೂ ತುಂಬಾ ಅರ್ಜೆಂಟೇ. ಹೋದ ತಿಂಗಳು ನೀವು ಕೊಟ್ಟ ದಿಂಬಿನ ಗವುಸೂ ಅದರಲ್ಲೇ ಇದೆ."

"ಹಾಗಾದರೆ ಅರ್ಜೆಂಟ್ ಇಲ್ಲದ್ದನ್ನು ಯಾವ ಕಾಲಕ್ಕೆ ಹೊಲಿಯುತ್ತೀ?"

ಆತ ಪಕ್ಕದ ಖಾಲಿ ಬೆಂಚು ತೋರಿಸಿದ. "ಅಂಥದ್ದನ್ನ ಯಾರೂ ಕೊಡಲ್ಲ ಅಮ್ಮಾವ್ರೇ. ಆ ಸಾಲಲ್ಲಿ ಒಬ್ಬರೂ ಇಲ್ಲ. ಕೊಟ್ಟರೆ ಈಗಲೇ ಹೊಲಿದುಬಿಡ್ತೀನಿ."

ನಾನು ಹಲ್ಲು ಕಚ್ಚಿಕೊಂಡು ಹೇಳಿದೆ: "ನನಗೇನೂ ಅವಸರವಿಲ್ಲಪ್ಪಾ. ನಿಧಾನವಾಗಿಯೇ ಹೊಲಿ."

ಆತ ಗಂಟಿನಿಂದ ನನ್ನ ಬಟ್ಟೆ ಎಳೆದು, ಆಗಲೇ ಕತ್ತರಿ ಹಿಡಿದ.

ರವಿಕೆ ಚೆನ್ನಾಗಿಯೇ ಬಂತು. ಅದಕ್ಕೆ ನಾನು ತೆತ್ತದ್ದು ಇಷ್ಟು: ಸ್ಟೂಲಿನ ಮೇಲೆ ಎರಡು ಗಂಟೆ, ಮತ್ತು ಕಾಯುತ್ತಿದ್ದ ನಾಲ್ವರು ಹೆಂಗಸರ ಎದುರು ಒಂದು ಹಸಿ ಸುಳ್ಳು.