ಒಂದೇ ಸಮ ತಿರುಗಿದ ಚಕ್ರಗಳು

೧೯೭೧ರ ಸೆಪ್ಟೆಂಬರ್ ಒಂಬತ್ತು, ಗುರುವಾರ. ನನ್ನ ಹಳೆಯ ದಿನಚರಿಯ ಆ ಪುಟದಲ್ಲಿ ಚನ್ನಾಜಮ್ಮ ಗುರುಗಳನ್ನು ಕೇಳಿದ ಪ್ರಶ್ನೆ ಹೀಗಿದೆ: "ಬುದ್ಧಿ, ಎಲ್ಲರಿಗೂ ಒಂದೇ ಅಳತೆ ಹಿಡಿದರೆ ಅದು ಅನ್ಯಾಯವೇ?"

ಚನ್ನಾಜಮ್ಮ ಮಠದ ನೇಯ್ಗೆಮನೆ ನೋಡಿಕೊಳ್ಳುತ್ತಿದ್ದಳು. ದಿನಕ್ಕೆ ಆರು ಗಜ ನೇಯಬೇಕು, ಆಗದವರು ಬಿಟ್ಟು ಹೋಗಬೇಕು ಎಂಬುದು ಅವಳ ನಿಯಮ. ಹೆರಿಗೆಯಾಗಿ ಎರಡು ತಿಂಗಳಾಗಿದ್ದ ಒಬ್ಬ ಹೆಂಗಸು ನಾಲ್ಕು ಗಜ ದಾಟುತ್ತಿರಲಿಲ್ಲ. ಅವಳಿಗೆ ಬೇರೆ ಅನ್ನದ ದಾರಿ ಇರಲಿಲ್ಲ. ಮರುದಿನ ಅವಳನ್ನು ಕಳಿಸುವುದೆಂದು ತೀರ್ಮಾನವಾಗಿತ್ತು.

ಗುರುಗಳು ಈ ಕತೆ ಹೇಳಿದರು.

ಒಬ್ಬ ಕಲ್ಲಿನ ವ್ಯಾಪಾರಿಯ ಲಾರಿಯಲ್ಲಿ ಡಿಫರೆನ್ಷಿಯಲ್ ಮುರಿಯಿತು. ಎಂಜಿನ್ನಿನ ಬಲವನ್ನು ಎರಡು ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ ಅದು. ವ್ಯಾಪಾರಿ ಲಾರಿಯನ್ನು ಒಬ್ಬ ಮೆಕ್ಯಾನಿಕ್ ಬಳಿ ಬಿಟ್ಟ. ಆಗುವುದಿಲ್ಲ ಎಂದು ಆ ಮೆಕ್ಯಾನಿಕ್ ಯಾರಿಗೂ ಹೇಳಿದವನಲ್ಲ.

ಅವನು ಮೂರು ದಿನ ಕೂತು ಕೆಲಸ ಮಾಡಿದ. ಹೊಸ ಕ್ರೌನ್, ಹೊಸ ಪಿನಿಯನ್ ಎಂಬ ಹಲ್ಲುಚಕ್ರಗಳನ್ನು ಜೋಡಿಸಿದ. ಕಾಗದದಷ್ಟು ತೆಳುವಾದ ಬಿಲ್ಲೆಗಳನ್ನು ಇಟ್ಟು, ತೆಗೆದು, ಮತ್ತೆ ಇಟ್ಟು ಹಲ್ಲಿಗೂ ಹಲ್ಲಿಗೂ ನಡುವಿನ ಸಂದನ್ನು ಹದಕ್ಕೆ ತಂದ. ಹಲ್ಲುಗಳಿಗೆ ಕೆಂಪು ಬಣ್ಣ ಸವರಿ ತಿರುಗಿಸಿದ. ಗುರುತು ಪ್ರತಿ ಹಲ್ಲಿನ ನಟ್ಟನಡುವೆ ಬಿತ್ತು.

ವ್ಯಾಪಾರಿ ಬಂದಾಗ ಲಾರಿಯ ಹಿಂಭಾಗ ಜಾಕಿನ ಮೇಲಿತ್ತು. ಮೆಕ್ಯಾನಿಕ್ ಎಂಜಿನ್ ಓಡಿಸಿ, ತಿರುಗುತ್ತಿದ್ದ ಒಂದು ಚಕ್ರವನ್ನು ತಡೆದು ತೋರಿಸಿದ. ಅದು ನಿಂತಿತು. ಇನ್ನೊಂದು ಎರಡರಷ್ಟು ವೇಗದಲ್ಲಿ ತಿರುಗಿತು.

"ಏನಯ್ಯ ಇದು? ಒಬ್ಬ ದುಡೀತಾನೆ, ಇನ್ನೊಬ್ಬ ನಮ್ಮ ಅಳಿಯನ ಹಾಗೆ ಕೂತು ನೋಡ್ತಾನೆ! ಕೆಸರಲ್ಲಿ ಸಿಕ್ಕಿದಾಗಲೂ ಇದೇ ಕತೆ. ಎರಡೂ ಒಂದೇ ಸಮ ತಿರುಗಬೇಕು."

"ಸ್ವಾಮಿ, ತಿರುವಿನಲ್ಲಿ ಹೊರಗಿನ ಚಕ್ರಕ್ಕೆ ದಾರಿ ಹೆಚ್ಚು, ಒಳಗಿನದಕ್ಕೆ ಕಡಿಮೆ. ಒಂದು ನಿಧಾನಿಸಲೇಬೇಕು."

"ನನ್ನ ಹತ್ತಿರ ನಿಧಾನದವರಿಗೆ ಜಾಗವಿಲ್ಲ. ಬೆಸುಗೆ ಹಾಕು. ನಿನ್ನ ಕೈಲಿ ಆಗದಿದ್ದರೆ ಹೇಳು, ಪಕ್ಕದ ಗ್ಯಾರೇಜಿದೆ."

ಅದು ತಪ್ಪೆಂದು ಮೆಕ್ಯಾನಿಕ್‌ಗೆ ಗೊತ್ತಿತ್ತು. ಆದರೂ ಒಳಗಿನ ಸಣ್ಣ ಹಲ್ಲುಚಕ್ರಗಳನ್ನೆಲ್ಲ ಒಂದಕ್ಕೊಂದು ಬೆಸೆದ. ಅಚ್ಚುಕಟ್ಟಾಗಿ ಬೆಸೆದ.

ಕಲ್ಲು ತುಂಬಿಸಿ ಪರೀಕ್ಷೆಗೆ ಹೊರಟಾಗ ಅವನೂ ಚಾಲಕನ ಪಕ್ಕ ಕೂತ. ನೇರ ರಸ್ತೆಯಲ್ಲಿ ಲಾರಿ ಸಲೀಸಾಗಿ ಓಡಿತು. ಮೊದಲ ತಿರುವು ಬಂತು. ಚಾಲಕ ಸ್ಟೀರಿಂಗ್ ತಿರುಗಿಸಿದ. ಲಾರಿ ತಿರುಗಲಿಲ್ಲ. ನಿದ್ದೆಯಲ್ಲಿದ್ದವರು ನರಳಿದಂತೆ ಕಾಲ ಕೆಳಗೆ ಒಂದು ಸದ್ದೆದ್ದಿತು. ಲಾರಿ ನೇರವಾಗಿ ಬಯಲಿನ ಕಡೆಗೆ ಎಳೆಯಿತು. ಚಾಲಕ ಎರಡೂ ಕೈಯಿಂದ ಜಗ್ಗಿ ಅದನ್ನು ರಸ್ತೆಗೆ ತಂದ. ಎರಡನೇ ತಿರುವಿನಲ್ಲೂ ಹಾಗೇ ಆಯಿತು. ಮೂರನೆಯದರಲ್ಲೂ.

"ಅಣ್ಣ," ಎಂದ ಚಾಲಕ ಮೆಲ್ಲಗೆ, "ತಿರುವಿನಾಚೆ ಯಾರೋ ನಿಂತಿದ್ದಾರೆ. ಲಾರಿ ಅವರನ್ನ ನೋಡಿಬಿಟ್ಟಿದೆ."

ಮೆಕ್ಯಾನಿಕ್ ನೋಡಿದ. ಒಣಹುಲ್ಲು ಬಿಟ್ಟರೆ ಏನೂ ಇರಲಿಲ್ಲ. ಗಾಳಿಯೂ ಇರಲಿಲ್ಲ. ಹುಲ್ಲು ಮಾತ್ರ ಒಂದು ಕಡೆ, ಯಾರೋ ಈಗಷ್ಟೇ ಎದ್ದು ಹೋದಂತೆ, ಮೆಲ್ಲಗೆ ತಲೆ ಎತ್ತುತ್ತಿತ್ತು.

ಬೆಸುಗೆ ಬಿಚ್ಚಿಬಿಡುತ್ತೇನೆ ಎಂದು ಅವನು ವ್ಯಾಪಾರಿಗೆ ಹೇಳಬೇಕೆಂದುಕೊಂಡ. ತಾನೇ ಮಾಡಿದ ಕೆಲಸ ಕೆಟ್ಟದ್ದೆಂದು ಹೇಗೆ ಹೇಳುವುದು? ಹೇಳಲಿಲ್ಲ.

ಹದಿನೈದನೆಯ ದಿನ ಲಾರಿ ಘಾಟಿಯ ತಿರುವಿನಲ್ಲಿ ನೇರವಾಗಿ ಹೋಯಿತು. ಮೆಕ್ಯಾನಿಕ್ ಟೇಪು ಹಿಡಿದು ಅಲ್ಲಿಗೆ ಹೋದ. ಟೈರುಗಳ ಎರಡು ಕಪ್ಪು ಗೆರೆಗಳು ಕೊಂಚವೂ ಬಾಗದೆ ಕಮರಿಯ ಅಂಚಿನವರೆಗೆ ಹೋಗಿದ್ದವು. ಅಳೆದ. ಎರಡೂ ಒಂದೇ ಉದ್ದವಿದ್ದವು. ಮತ್ತೆ ಅಳೆದ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಆ ಬೆಸುಗೆಗೆ ಕೊನೆಗೆ ತೆತ್ತದ್ದು ಇಷ್ಟು: ಒಂದು ಲಾರಿ, ಚಾಲಕ, ಕಲ್ಲು ಇಳಿಸುವ ಇಬ್ಬರು ಆಳುಗಳು.

ಚನ್ನಾಜಮ್ಮ ಕೇಳಿದಳು: "ಆಮೇಲೆ ವ್ಯಾಪಾರಿ ಏನು ಮಾಡಿದ, ಬುದ್ಧಿ?"

ಗುರುಗಳು ಹೇಳಿದರು: "ಮೂರು ಮನೆಗೂ ತೂಗಿ ಒಂದೊಂದು ಮೂಟೆ ಅಕ್ಕಿ ಕಳಿಸಿದ ತಾಯಿ, ಒಂದು ಮನೆಯಲ್ಲಿ ಉಣ್ಣುವವರು ಒಂಬತ್ತು ಜನ, ಇನ್ನೊಂದರಲ್ಲಿ ಬಾಗಿಲು ತೆಗೆಯುವುದಕ್ಕೂ ಯಾರೂ ಇರಲಿಲ್ಲ."