ಅರಸನ ತೊಡೆ ತಿಂದ ಕಾವಲುಗಾರ

"ಗುಮ್ಮನದುರ್ಗದ ಜನರೇ, ಕಿವಿಗೊಟ್ಟು ಕೇಳಿ! ವೀರಮರಸರು ಒಗಟು ಹಾಕುತ್ತಾರೆ, ಒಂದಲ್ಲ, ಮೂರು. ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ, ಬೇಕೆಂದರೆ ರಾಜಕುಮಾರಿ ಚೆಲುವಾಂಬೆಯೊಡನೆ ಮದುವೆಯೂ ಆಗುತ್ತದೆ. ತಪ್ಪಿದವರ ತಲೆ ಹೆಬ್ಬಾಗಿಲ ಮೇಲೆ! ಯುಗಾದಿಯೊಳಗೆ ಯಾರೂ ಬಿಡಿಸದಿದ್ದರೆ ಸೆರೆಯಲ್ಲಿರುವ ಸಿದ್ಧಪ್ಪ ಪಂಡಿತನ ತಲೆಯೂ ಅಲ್ಲಿಗೇ!"

ಡಂಗುರ ಕೇಳಿ ಜುಂಜ ಕೈಯ ಬಟ್ಟಲು ಕೆಳಗಿಟ್ಟ. ತಬ್ಬಲಿಯಾದ ಅವನನ್ನು ಗಂಜಿ ಕುಡಿಸಿ ಸಾಕಿದವನು ಆ ಪಂಡಿತನೇ. ಅರಮನೆಯಲ್ಲಿ ರುಚಿಗಾರನ ಚಾಕರಿ ಕೊಡಿಸಿದವನೂ ಅವನೇ. ಅರಸ ಕುಡಿಯುವ ಮದ್ದಿನಲ್ಲಿ ಅರ್ಧವನ್ನು ರುಚಿಗಾರ ಮೊದಲು ಕುಡಿಯಬೇಕು. ಸಾಯದಿದ್ದರೆ ಉಳಿದರ್ಧ ಅರಸನಿಗೆ. ಸತ್ತರೆ, ಪಾಪ, ಹೊಸ ರುಚಿಗಾರ.

ಅರಸನ ನೆತ್ತರಲ್ಲಿ ಕೊಬ್ಬು ಕಟ್ಟಿತ್ತು. ಅವನ ಅಣ್ಣ ಇದೇ ರೋಗಕ್ಕೆ ಪಂಡಿತ ಕೊಟ್ಟ ಕಷಾಯವನ್ನು ಎಸೆದು, ಹೋಳಿಗೆ ಉಣ್ಣುತ್ತಲೇ ಎದೆ ಹಿಡಿದುಕೊಂಡು ಎಲೆಯ ಮೇಲೆ ಬಿದ್ದು ಸತ್ತಿದ್ದ. ಹೋಳಿಗೆಯ ಮೇಲಿನ ತುಪ್ಪ ಇನ್ನೂ ಬಿಸಿಯಿತ್ತಂತೆ. ಹೆದರಿದ ವೀರಮರಸ ಪಂಡಿತನ ಕಹಿ ಕಷಾಯ ಹಿಡಿದ. ಮೊದಮೊದಲು ಸುಖವಾಗಿಯೇ ಇತ್ತು. ಆಮೇಲೆ ತೊಡೆ ಹಿಂಡತೊಡಗಿತು. ಮೆಟ್ಟಿಲು ಹತ್ತಲು ಆಳುಗಳು ಎತ್ತಬೇಕಾಯಿತು. "ವಿಷ!" ಎಂದು ಪಂಡಿತನನ್ನು ಸೆರೆಗೆ ತಳ್ಳಿದ. ಎದೆಯ ಭಯಕ್ಕೆ ಕಷಾಯವನ್ನು ಮಾತ್ರ ಬಿಡಲಿಲ್ಲ.

ಒಗಟಿಗೆ ಮೊದಲು ಬಂದವನು ಮಲ್ಲರ ದೊರೆ ರಣಪ್ಪನಾಯಕ. ಅರಸ ಕೇಳಿದ: "ನನ್ನನ್ನು ಕಾಯಲು ಬಂದವನು ನನ್ನ ತೊಡೆ ತಿನ್ನುತ್ತಾನೆ. ಅವನನ್ನು ಓಡಿಸಿದರೆ ಕಳ್ಳ ಎದೆಗೆ ನುಗ್ಗುತ್ತಾನೆ. ಯಾರವನು?"

"ಮುಪ್ಪು, ಮಹಾಪ್ರಭು!"

"ಮುಪ್ಪನ್ನು ಓಡಿಸಬಲ್ಲೆನಾದರೆ ನಿನ್ನನ್ನೇಕೆ ಕೇಳಲಿ, ಪೆದ್ದ?" ತಲೆ ಹೋಯಿತು.

ಆಮೇಲೆ ಬಂದವನು ಬೇರು ಮಾರುವ ಗುರುಪಾದ. ಅವನು ಚುರುಕು. "ಆ ಕಾವಲುಗಾರ ಕಷಾಯವೇ," ಎಂದ.

"ಭಲೇ! ಎರಡನೆಯದು: ಒಂದೇ ಬಟ್ಟಲಿನದನ್ನು ಇಬ್ಬರು ಕುಡಿಯುತ್ತಾರೆ. ಒಬ್ಬ ಮೆಟ್ಟಿಲನ್ನು ಮೇಕೆಯಂತೆ ಹತ್ತುತ್ತಾನೆ, ಇನ್ನೊಬ್ಬ ಹತ್ತಲಾರ. ಇಬ್ಬರ ನಡುವೆ ನಿಂತವರು ಯಾರು?"

"ಶನಿ, ಬುದ್ಧೀ! ಕಷಾಯ ಚೆಲ್ಲಿ ನನ್ನ ಬೇರು ನೆಕ್ಕಿ, ಸಾಕು."

"ನಮ್ಮಣ್ಣನೂ ಚೆಲ್ಲಿದ್ದ," ಎಂದು ಅರಸ ಕೈಯೆತ್ತಿದ. ಹೆಬ್ಬಾಗಿಲ ಮೇಲೆ ರಣಪ್ಪನಾಯಕನಿಗೆ ಜೊತೆಯಾಯಿತು. ಆಮೇಲೆ ಯಾರೂ ಬರಲಿಲ್ಲ.

ಎರಡನೆಯ ಒಗಟು ಕಿವಿಗೆ ಬಿದ್ದಾಗ ಜುಂಜನಿಗೆ ಹೊಳೆಯಿತು: ಆ ಮೇಕೆ ತಾನೇ! ಉತ್ತರವೂ ಅವನ ಕಣ್ಣೆದುರೇ ಇತ್ತು. ಬಾಯಿ ಬಿಟ್ಟರೆ ಯಾರ ಕುತ್ತಿಗೆಗೆ ಬರುತ್ತದೆಂಬುದೂ ಗೊತ್ತಿತ್ತು. ಆದರೂ ಯುಗಾದಿಯ ಹಿಂದಿನ ದಿನ ಸಭೆಗೆ ನಡೆದ.

"ಮೊದಲನೆಯದು ಕಷಾಯ, ಬುದ್ಧೀ. ಎರಡನೆಯದು..." ಅವನು ಚೆಲುವಾಂಬೆಯತ್ತ ನೋಡಿದ. "ಕಷಾಯದ ಕಹಿ ಹೋಗಲೆಂದು ಈಚೆಗೆ ತಮಗೊಬ್ಬರಿಗೇ ಕೊಡುತ್ತಿರುವ ಚಕ್ಕೋತದ ರಸ. ಆಳಿಗೆ ಯಾರು ರಸ ಹಿಂಡಿಕೊಡುತ್ತಾರೆ?"

ಆ ರಸವನ್ನು ದಿನಾ ತನ್ನ ಕೈಯಾರೆ ಹಿಂಡುತ್ತಿದ್ದವಳು ಚೆಲುವಾಂಬೆ.

"ನನ್ನ ಮಗಳು ನನಗೆ ವಿಷ ಹಾಕಿದಳೇನೋ, ಹಡಬೆ!" ಅರಸ ಕತ್ತಿ ಹಿರಿದ. ಏಳಲು ಹೋಗಿ ಅಲ್ಲೇ ಕುಸಿದ.

"ವಿಷವಲ್ಲ, ಪ್ರೀತಿ. ಅವರಿಗೇನು ಗೊತ್ತು? ಪಂಡಿತರಿಗೂ ರಸದ ಸುದ್ದಿ ಯಾರೂ ಹೇಳಿರಲಿಲ್ಲ. ಇವತ್ತಿನಿಂದ ಆ ರಸ ನನಗೆ ಕೊಡಿ, ತಾವು ಬಿಡಿ. ನನ್ನ ಮಾತು ಸುಳ್ಳಾದರೆ ಈ ತಲೆ ಎಲ್ಲಿಗೂ ಓಡುವುದಿಲ್ಲ."

ಫಲ ಕಾಣುವವರೆಗೆ ಕಾಯಲು ಅರಸ ಒಪ್ಪಿದ. ಮರುದಿನದಿಂದ ಚೆಲುವಾಂಬೆ ಜುಂಜನಿಗೆ ರಸ ಹಿಂಡಿದಳು. ಯುಗಾದಿ ಕಳೆಯಿತು. ಪಂಡಿತ ಸೆರೆಯಲ್ಲೇ ಕಾದ, ಕತ್ತಿಯೂ ಕಾಯಿತು. ಮಾವು ಹಣ್ಣಾಗುವ ಹೊತ್ತಿಗೆ ಮೇಕೆ ಮೆಟ್ಟಿಲಲ್ಲಿ ಅಂಬೆಗಾಲಿಟ್ಟಿತು. ತೊಡೆಯ ನೋವಿಗೆ ಹಲ್ಲು ಕಚ್ಚಿಕೊಂಡು, ಬೆವರು ಸುರಿಸುತ್ತ ಜುಂಜ ಸಿಂಹಾಸನದ ಬುಡಕ್ಕೆ ತೆವಳಿ ಬಂದ. ಅರಸ ತಾನಾಗಿಯೇ ಎದ್ದು ನಿಂತು ಅವನನ್ನು ನೋಡಿದ.

"ಮೂರನೆಯದು," ಎಂದ ಅರಸ, ದನಿ ತಗ್ಗಿತ್ತು. "ಕಾವಲುಗಾರನನ್ನು ಓಡಿಸದೆ, ಅವನಿಂದ ಕಚ್ಚಿಸಿಕೊಳ್ಳದೆ ಬಾಳುವುದು ಹೇಗೆ?"

"ಅವನಿಗೆ ಕಳ್ಳು ಕುಡಿಸಬಾರದು, ಚಕ್ಕೋತದ ರಸವೇ ಆ ಕಳ್ಳು. ಆ ರಸ ಹೊಟ್ಟೆಗೆ ಹೋದರೆ ಅರ್ಧ ಬಟ್ಟಲು ಮೂರು ಬಟ್ಟಲಿನಷ್ಟು ಏರುತ್ತದೆ. ಅವನ ಕೆಲಸವನ್ನೂ ಹಗುರ ಮಾಡಬೇಕು: ತುಪ್ಪ, ಕುರಿಯ ಕೊಬ್ಬು ಇಳಿಸಿ ಹುರುಳಿ, ಮೆಂತ್ಯ, ಸೊಪ್ಪು ಹೆಚ್ಚಿಸಬೇಕು. ಪಲ್ಲಕ್ಕಿ ಬಿಟ್ಟು ನಡೆಯಬೇಕು. ಅಷ್ಟಾದರೂ ಕಚ್ಚಿದರೆ ಅಳತೆ ತಗ್ಗಿಸಬೇಕು, ಇಲ್ಲವೇ ಬೇರೆ ಕಾವಲುಗಾರನನ್ನು ಹುಡುಕಬೇಕು. ಯಾವುದು ಎಷ್ಟು ಅಂತ ನನಗೆ ತಿಳಿಯದು, ಬುದ್ಧೀ. ನಾಡಿ ಹಿಡಿದು ನೋಡಿ ಹೇಳುವವನು ಸೆರೆಯಲ್ಲಿದ್ದಾನೆ. ನೋವು ಬಂದಾಗ ಅವನನ್ನು ಕೇಳಬೇಕಿತ್ತು, ಕಟ್ಟಿಹಾಕಬಾರದಿತ್ತು."

ಅರಸ ಸೊಂಟದ ಕತ್ತಿ ಬಿಚ್ಚಿ ಕೆಳಗಿಟ್ಟ. ಆಮೇಲೆ, "ಏನು ಬೇಕೋ ಕೇಳು," ಎಂದ.

"ಪಂಡಿತರ ಬಿಡುಗಡೆ. ಇನ್ನೊಂದು: ತಮ್ಮ ಕಾಲು ಪೂರಾ ಗಟ್ಟಿಯಾದ ದಿನ ಹೆಬ್ಬಾಗಿಲು ಹತ್ತಿ ಆ ಎರಡು ತಲೆಗಳನ್ನು ತಮ್ಮ ಕೈಯಾರೆ ಇಳಿಸಬೇಕು."

ಪಂಡಿತ ಹೊರಬಂದ. ಬೆಳಕಿಗೆ ಅವನ ಕಣ್ಣು ಎಷ್ಟೋ ದಿನ ಒಗ್ಗಲಿಲ್ಲ. ಕಷಾಯದ ಅಳತೆ ತಗ್ಗಿಸಿದ, ಜುಂಜನ ರಸ ನಿಲ್ಲಿಸಿದ. ಜುಂಜನ ಕಾಲು ಮೊದಲು ನೆಟ್ಟಗಾಯಿತು. ರುಚಿಗಾರನ ಚಾಕರಿಯನ್ನೇ ಅರಸ ತೆಗೆದುಹಾಕಿ, ಅವನಿಗೆ ಹೊಲವನ್ನೂ ಮನೆಯನ್ನೂ ಕೊಟ್ಟ. ಜುಂಜ ಚೆಲುವಾಂಬೆಯನ್ನು ಮದುವೆಯಾದನೆಂದು ಕೆಳಗೇರಿಯವರು ಆಣೆಯಿಟ್ಟು ಹೇಳುತ್ತಾರೆ, ಇಲ್ಲವೆಂದು ಮೇಲ್ಗೇರಿಯವರು ಆಣೆಯಿಡುತ್ತಾರೆ. ನಿಮಗೆ ಯಾವ ಕೇರಿ ಹತ್ತಿರವೋ ಅದನ್ನೇ ನಂಬಿ.

ಮಳೆ ಮುಗಿದ ಮೇಲೆ ಅರಸ ಹೆಬ್ಬಾಗಿಲು ಹತ್ತಿದ, ಯಾರ ಆಸರೆಯೂ ಇಲ್ಲದೆ. ಎರಡು ಬುರುಡೆಗಳನ್ನು ಶಾಲಿನಲ್ಲಿ ಸುತ್ತಿ ಎದೆಗವಚಿಕೊಂಡು ಇಳಿದ. ಕೊನೆಯ ಮೆಟ್ಟಿಲ ಮೇಲೆ ಕುಳಿತುಬಿಟ್ಟ.

ಕೆಳಗೆ ನಿಂತಿದ್ದ ಜುಂಜ ಓಡಿ ಬಂದ. "ಕಾಲು ನೋಯುತ್ತಿದೆಯೇ, ಬುದ್ಧೀ?"

"ಇಲ್ಲ ಕಣೋ," ಎಂದ ಅರಸ, ಶಾಲನ್ನು ಬಿಡದೆ. "ಕಾಲು ಚೆನ್ನಾಗಿದೆ."